ರಾಗ ಹಾಕಲು ಕಲಿಯಬೇಕು: ಗುರುಗಳ ಮನೆಯೋ, ಪಿಯಾನೊ ತರಗತಿಯೋ, ಲ್ಯಾಪ್‌ಟಾಪೋ?

"ಹಾಡೋಕೆ ಬರುತ್ತೆ, ನಾನೇ ರಾಗ ಹಾಕಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?" ಎಂದು ಕೇಳುವವರು ಹಲವು ಬಗೆಯವರು. ಸೀನಿಯರ್ ಪರೀಕ್ಷೆ ಮುಗಿಸಿದ ಕರ್ನಾಟಕ ಸಂಗೀತದ ವಿದ್ಯಾರ್ಥಿ, ಮಕ್ಕಳಿಗೆ ಪದ್ಯ ಹೇಳಿಕೊಡುವ ಮೇಷ್ಟ್ರು, ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡಹೊರಟ ಹುಡುಗ, ಗಿಟಾರಿನಲ್ಲಿ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದು ಅಲ್ಲೇ ನಿಂತವರು. ಎಲ್ಲರಿಗೂ ಸಿಗುವ ಸಲಹೆ ಮಾತ್ರ ಒಂದೇ: "ಮೊದಲು ಚೆನ್ನಾಗಿ ಸಂಗೀತ ಕಲೀರಿ."

ಸಲಹೆ ಸರಿಯೇ, ಆದರೆ ಸಾಲದು. ನಮ್ಮಲ್ಲಿ ಸಂಗೀತದ ತರಗತಿ ಎಂದರೆ ಬಹುಪಾಲು ಹಾಡುವ, ನುಡಿಸುವ ತರಗತಿ. ಬೇರೆಯವರು ಕಟ್ಟಿದ್ದನ್ನು ತಪ್ಪಿಲ್ಲದೆ ಒಪ್ಪಿಸುವುದು ಅಲ್ಲಿನ ಗುರಿ. ನೂರು ಕೃತಿ ಬಾಯಲ್ಲಿದ್ದೂ ಸ್ವಂತದ್ದೊಂದು ಪಲ್ಲವಿ ಕೂಡಿಸಲು ಬಾರದವರು ಎಷ್ಟೋ ಮಂದಿ. ಹಾಗಾಗಿ ಯಾವ ದಾರಿಯನ್ನೇ ಅಳೆಯಿರಿ, ಮೊದಲು ಕೇಳಬೇಕಾದ್ದು ಇದು: ಅಲ್ಲಿ ವಾರಕ್ಕೊಂದು ಸಾಲನ್ನಾದರೂ ನಿಮ್ಮ ಕೈಯಲ್ಲಿ ಕಟ್ಟಿಸುತ್ತಾರೆಯೇ? ಕಟ್ಟಿದ್ದನ್ನು ತಿದ್ದುವವರು ಇದ್ದಾರೆಯೇ?

ಯಾವುದನ್ನು ನೋಡಿ ಆರಿಸಬೇಕು

ತಿದ್ದುವವರ ವಿಷಯ ಆಯಿತು. ಎರಡನೆಯದು, ಕೊನೆಗೆ ನಿಮ್ಮ ಕೈಯಿಂದ ಏನು ಹೊರಬರಬೇಕು ಎನ್ನುವುದು. ಕೀರ್ತನೆ, ಭಾವಗೀತೆ, ನಾಟಕದ ಹಾಡು, ಸಿನಿಮಾ ಹಿನ್ನೆಲೆ ಸಂಗೀತ: ಇವುಗಳಿಗೆ ಬೇಕಾದ ವಿದ್ಯೆ ಒಂದೇ ಅಲ್ಲ. ಮೂರನೆಯದು, ಸಾಹಿತ್ಯ ಮೊದಲು ಬರುತ್ತದೋ ಟ್ಯೂನ್ ಮೊದಲೋ. ಕವಿತೆಗೆ ರಾಗ ಹಾಕುವವರಿಗೆ ಛಂದಸ್ಸು ತಿಳಿದಿರಲೇಬೇಕು. ಟ್ಯೂನ್ ಮೊದಲು ಮಾಡುವವರಿಗೆ ಅದು ಅಷ್ಟು ತುರ್ತಿಲ್ಲ. ಸಮಯ ಮತ್ತು ದುಡ್ಡಿನ ಲೆಕ್ಕ ಇವೆಲ್ಲದರ ನಂತರ.

ಸೇರುವ ಮುನ್ನ ಎರಡು ವಾರದ ಒಂದು ಪರೀಕ್ಷೆ ಮಾಡಿಕೊಳ್ಳಿ, ಖರ್ಚಿಲ್ಲ. ಎಂಟು ಸಾಲಿನ ಕವಿತೆಯೊಂದನ್ನು ಆರಿಸಿ, ತಾಳ ಹಾಕುತ್ತಾ ಮೂರು ಬೇರೆ ಬೇರೆ ರಾಗಗಳಲ್ಲಿ ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಒಂದು ವಾರ ಮುಟ್ಟದೆ ಬಿಟ್ಟು ಆಮೇಲೆ ಕೇಳಿ. ಮೂರೂ ಒಂದೇ ತರಹ ಕೇಳಿಸಿದರೆ ನಿಮ್ಮಲ್ಲಿ ರಾಗಸಂಚಾರಗಳ ದಾಸ್ತಾನು ಕಡಿಮೆ. ರಾಗ ಚೆನ್ನಾಗಿದ್ದು ಸಾಲುಗಳು ತಾಳದಲ್ಲಿ ಕೂರದೆ ಓಡುತ್ತಿದ್ದರೆ ಲಯ ಮತ್ತು ಛಂದಸ್ಸಿನ ಕೊರತೆ. ಎಲ್ಲ ಸರಿಯಿದ್ದೂ ಬೋಳಾಗಿದೆ, ಹಿಂದೆ ಏನೋ ಬೇಕು ಅನಿಸಿದರೆ ನಿಮಗೆ ಬೇಕಾದ್ದು ಹಾರ್ಮನಿ (ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವುದು) ಮತ್ತು ವಾದ್ಯಸಂಯೋಜನೆ. ಎರಡನೇ ದಿನ ಹಾಡಿದ್ದು ಮೂರನೇ ದಿನ ನೆನಪೇ ಇಲ್ಲದಿದ್ದರೆ ಮೊದಲು ಸ್ವರಲಿಪಿ ಬರೆಯಲು ಕಲಿಯಿರಿ, ಉಳಿದದ್ದು ಕಾಯಬಹುದು.

ಕರ್ನಾಟಕ ಸಂಗೀತದ ಗುರುಗಳ ಬಳಿ

ಒಂದೇ ಎಳೆಯ ಸ್ವರಸಾಲನ್ನು ಹೇಗೆ ಬೆಳೆಸಬೇಕು ಎನ್ನುವುದನ್ನು ಕಲಿಸಲು ಇದಕ್ಕಿಂತ ಗಟ್ಟಿ ದಾರಿ ನಮ್ಮಲ್ಲಿ ಇಲ್ಲ. ಒಂದು ಸಾಲಿಗೆ ಸಂಗತಿಗಳು (ಅದೇ ಸಾಲಿನ ಮಾರ್ಪಾಡುಗಳು) ಹೇಗೆ ಒಂದರ ಮೇಲೊಂದು ಏರುತ್ತವೆ, ಅನುಪಲ್ಲವಿ ಯಾಕೆ ತಾರಸ್ಥಾಯಿಯತ್ತ ಹೋಗುತ್ತದೆ, ಚರಣದ ಕೊನೆ ಯಾಕೆ ಅನುಪಲ್ಲವಿಯ ಧಾಟಿಗೆ ಮರಳುತ್ತದೆ, ಹಾಡು ಎತ್ತಿಕೊಳ್ಳುವ ಜಾಗ ತಾಳದ ಮೊದಲ ಏಟೋ (ಸಮ), ಅದಕ್ಕೆ ಮುಂಚೆಯೋ (ಅತೀತ), ಆಮೇಲೋ (ಅನಾಗತ), ದ್ವಿತೀಯಾಕ್ಷರ ಪ್ರಾಸ ಯಾವ ಸ್ವರದ ಮೇಲೆ ಬೀಳಬೇಕು: ಇದೆಲ್ಲ ಸಂಯೋಜನೆಯ ಪಾಠವೇ. ಸರಳೆ, ಜಂಟಿ, ಅಲಂಕಾರ, ಗೀತೆ, ಸ್ವರಜತಿ ದಾಟಿ ವರ್ಣಕ್ಕೆ ಬರಲು ವಾರಕ್ಕೆರಡು ತರಗತಿಯಲ್ಲಿ ಮೂರು ವರ್ಷವಾದರೂ ಬೇಕು. ಬೆಂಗಳೂರು, ಮೈಸೂರಿನಲ್ಲಿ ಗುಂಪಿನ ಪಾಠಕ್ಕೆ ತಿಂಗಳಿಗೆ ಸಾವಿರ–ಎರಡು ಸಾವಿರದ ಆಸುಪಾಸು. ಒಬ್ಬರಿಗೇ ಹೇಳಿಕೊಡುವುದಾದರೆ ಇನ್ನೂ ಹೆಚ್ಚು.

ಎಡವುವುದು ಎಲ್ಲಿ? ಪರೀಕ್ಷೆಗೆ ಓಡುವ ತರಗತಿಯಲ್ಲಿ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಪಠ್ಯ ಮುಗಿಸುವ ಭರದಲ್ಲಿ, ಆ ಕ್ಷಣಕ್ಕೆ ಹೊಳೆದಂತೆ ಹಾಡಬೇಕಾದ ಕಲ್ಪನಾಸ್ವರವೂ ಬರೆದುಕೊಂಡು ಬಾಯಿಪಾಠ ಮಾಡುವ ವಸ್ತುವಾಗುತ್ತದೆ. ಗುರುಗಳನ್ನು ಕೇಳಬೇಕಾದ್ದು ಇಷ್ಟೇ: "ಮೇಷ್ಟ್ರೇ, ನಾನೇ ಚಿಟ್ಟೆಸ್ವರ ಬರೆದು ತಂದರೆ ತಿದ್ದಿಕೊಡ್ತೀರಾ?" ಮುಖ ಅರಳಿದರೆ ಅಲ್ಲೇ ಸೇರಿ.

ಚಿಟ್ಟೆಸ್ವರದಿಂದ (ಕೃತಿಯ ನಡುವೆ ಬರುವ, ಮೊದಲೇ ಕಟ್ಟಿಟ್ಟ ಸ್ವರಸಾಲು) ಆರಂಭಿಸುವುದೇ ಒಳ್ಳೆಯದು, ಏಕೆಂದರೆ ಅಳತೆ ಚಿಕ್ಕದು, ತಪ್ಪು ಬೇಗ ಕಾಣುತ್ತದೆ. ಮೋಹನ ರಾಗದಲ್ಲಿ, ಆದಿತಾಳಕ್ಕೆ ಎರಡು ಆವರ್ತನ ಬರೆಯಿರಿ. ಅಕ್ಷರಕ್ಕೆ ನಾಲ್ಕು ಸ್ವರದಂತೆ ಆವರ್ತನಕ್ಕೆ 32, ಒಟ್ಟು 64. ಹೊಸಬರು ಲೆಕ್ಕ ಸರಿಮಾಡಿ ಸಮಕ್ಕೆ ತಂದು ನಿಲ್ಲಿಸಿಬಿಡುತ್ತಾರೆ. ಪಲ್ಲವಿ ಸಮದ ನಂತರ ಅರ್ಧ ಅಕ್ಷರಕ್ಕೆ ಎತ್ತಿಕೊಳ್ಳುವುದಾದರೆ ಅಲ್ಲಿ ಎರಡು ಸ್ವರದ ಹಳ್ಳ ಬೀಳುತ್ತದೆ. ಸಮದಿಂದ ಹೊರಟ ಚಿಟ್ಟೆಸ್ವರ 66 ಸ್ವರ ನಡೆಯಬೇಕು, ಇಲ್ಲವೇ ಅದೂ ಅರ್ಧ ಅಕ್ಷರ ಬಿಟ್ಟೇ ಹೊರಡಬೇಕು. ಕೊನೆಯ ಸ್ವರ ಪಲ್ಲವಿಯ ಮೊದಲ ಸ್ವರಕ್ಕೆ ಪಕ್ಕದ ಮೆಟ್ಟಿಲಾಗಿರುವುದು ಲೇಸು. ಪಲ್ಲವಿ ಗಾಂಧಾರದಲ್ಲಿ ಏಳುವುದಾದರೆ ಪ ಅಥವಾ ರಿ ಮೇಲೆ ಮುಗಿಸಿದರೆ ಹಾಡುವವರು ತಡವರಿಸುವುದಿಲ್ಲ.

ಈ ದಾರಿ ಕೊಡದಿರುವುದು ಹಾರ್ಮನಿ ಮತ್ತು ಹಲವು ವಾದ್ಯಗಳನ್ನು ಒಟ್ಟಿಗೆ ನಡೆಸುವ ವಿದ್ಯೆ. ಅದು ಈ ಸಂಗೀತದ ಕೊರತೆಯೆಂದು ಯಾರೂ ತಿಳಿಯಬೇಕಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆಗಿದ್ದವರು. ರಷ್ಯಾದ ಸಂಯೋಜಕ ನಿಕೊಲಾಯ್ ಮೆಡ್ಟ್ನರ್ ತನ್ನ ಮೂರನೇ ಪಿಯಾನೊ ಕನ್ಚೆರ್ಟೊವನ್ನು ಅರ್ಪಿಸಿದ್ದು ಇವರಿಗೇ. ಪಾಶ್ಚಾತ್ಯ ಹಾರ್ಮನಿಯನ್ನು ಅಷ್ಟು ಹತ್ತಿರದಿಂದ ಬಲ್ಲವರು ರಚಿಸಿದ 94 ಕೃತಿಗಳು ಪೂರ್ತಿ ಕರ್ನಾಟಕ ಸಂಗೀತದ ಚೌಕಟ್ಟಿನವು.

ಧಾರವಾಡ, ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ಹಿಂದುಸ್ತಾನಿ ಗುರುಗಳು ಹತ್ತಿರವಾದರೆ ಅದೂ ಆಗಬಹುದು. ಬಂದಿಶ್ ಚಿಕ್ಕದು, ಸ್ಥಾಯಿ ಮತ್ತು ಅಂತರಾ ಎರಡೇ ಭಾಗ. ಆರಂಭದ ಅಭ್ಯಾಸಕ್ಕೆ ಕೃತಿಗಿಂತ ಸುಲಭದ ಅಳತೆ. ವಚನಗಳಿಗೆ ರಾಗ ಹಾಕಬೇಕೆನ್ನುವವರಿಗಂತೂ ಇದೇ ಮೇಲು. ವಚನಕ್ಕೆ ಮಾತ್ರೆಯ ಕಟ್ಟಿಲ್ಲ, ಅರ್ಥ ನಿಲ್ಲುವಲ್ಲಿ ಸಾಲು ನಿಲ್ಲಬೇಕು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರು ಹಾಡಿದ ವಚನಗಳನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು, ಉಸಿರು ತೆಗೆದುಕೊಂಡ ಜಾಗಗಳಿಗೆಲ್ಲ ಗುರುತು ಹಾಕುತ್ತಾ ಕೇಳಿ.

ಪಾಶ್ಚಾತ್ಯ ಥಿಯರಿ

ಎಬಿಆರ್‌ಎಸ್‌ಎಂ, ಟ್ರಿನಿಟಿ ಎಂಬ ಬ್ರಿಟಿಷ್ ಸಂಗೀತ ಪರೀಕ್ಷಾ ಮಂಡಳಿಗಳ ಪರೀಕ್ಷೆಗಳು ನಮ್ಮ ನಗರಗಳಲ್ಲಿ ನಡೆಯುತ್ತವೆ, ಕಲಿಸುವವರೂ ಸಿಗುತ್ತಾರೆ. ಒಂದರಿಂದ ಎಂಟು ಗ್ರೇಡ್. ಪಾಠ ಮತ್ತು ಪರೀಕ್ಷಾ ಶುಲ್ಕ ಎರಡೂ ಮೇಲಿನ ಗ್ರೇಡಿಗೆ ಹೋದಂತೆ ಏರುತ್ತವೆ. ಸಂಯೋಜನೆಗಾಗಿ ಸೇರುವವರು ಒಂದು ವಿಷಯ ತಿಳಿದಿರಬೇಕು: ಎಬಿಆರ್‌ಎಸ್‌ಎಂ ಥಿಯರಿಯ ಮೊದಲ ಐದು ಗ್ರೇಡುಗಳು ಈಗ ಕಂಪ್ಯೂಟರಿನಲ್ಲಿ ಉತ್ತರ ಗುರುತಿಸುವ ಪರೀಕ್ಷೆಗಳು, ನೀವೇ ಸ್ವರಸಾಲು ಬರೆಯುವ ಕೆಲಸ ಇರುವುದು ಆರನೆಯದರಿಂದ. ಐದು ಗ್ರೇಡಿನ ಪ್ರಮಾಣಪತ್ರ ಗೋಡೆಗೆ ಹಾಕಿಕೊಂಡು ಒಂದು ಸಾಲೂ ಬರೆಯದಿರುವುದು ಸಾಧ್ಯ.

ಆದರೂ ಈ ದಾರಿಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ಅನುಕೂಲವಿದೆ: ಕಾಗದದ ಮೇಲೆ ಬರೆದದ್ದರ ತಪ್ಪನ್ನು ನೀವೇ ಕಣ್ಣಿನಿಂದ ಹುಡುಕಬಹುದು. 1725ರಲ್ಲಿ ವಿಯೆನ್ನಾದ ಸಂಯೋಜಕ ಫುಕ್ಸ್ ವಿವರಿಸಿದ, ಒಂದು ಸ್ವರಸಾಲಿನ ಜೊತೆ ಇನ್ನೊಂದನ್ನು ಹೆಣೆಯುವ ಕೌಂಟರ್‌ಪಾಯಿಂಟ್ ಅಭ್ಯಾಸ ಇಂದಿಗೂ ಚಾಲ್ತಿಯಲ್ಲಿದೆ. ಹತ್ತು–ಹನ್ನೆರಡು ಸ್ವರದ ಒಂದು ಸಾಲು ಕೊಟ್ಟಿರುತ್ತದೆ. ಅದರ ಮೇಲೆ ಮೊದಲು ಸ್ವರಕ್ಕೊಂದು ಸ್ವರ, ಆಮೇಲೆ ಒಂದಕ್ಕೆ ಎರಡು, ಒಂದಕ್ಕೆ ನಾಲ್ಕು, ನಂತರ ಹಿಂದಿನದನ್ನು ಎಳೆದು ಹಿಡಿಯುವುದು, ಕೊನೆಗೆ ಎಲ್ಲ ಬೆರೆಸುವುದು: ಐದು ಹಂತ. ಎರಡು ಎಳೆಗಳು ಪಂಚಮದ ಅಂತರದಲ್ಲೇ ಜೊತೆಯಾಗಿ ಚಲಿಸಬಾರದು ಎಂಬುದು ಅದರ ಪ್ರಸಿದ್ಧ ನಿಷೇಧ. ತಂಬೂರಿಯ ಪ–ಸ ಕೇಳಿ ಬೆಳೆದ ಕಿವಿಗೆ ಇದೇನು ತಪ್ಪು ಎನಿಸೀತು. ಆ ಅಂತರದಲ್ಲಿ ಎರಡು ಎಳೆಗಳು ಬೆಸೆದು ಒಂದೇ ಆಗಿ ಕೇಳಿಸುತ್ತವೆ, ಎರಡನೆಯದನ್ನು ಬರೆದ ಶ್ರಮ ದಂಡ. ನಿಷೇಧಕ್ಕೆ ಕಾರಣ ಅಷ್ಟೇ. ಬರೆದು ಕೇಳಲು ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶ ಸಾಕು.

ನಮ್ಮವರು ಎಡವುವುದು ಇದನ್ನು ರಾಗಕ್ಕೆ ಹೊಂದಿಸುವಾಗ. ಗಿಟಾರ್ ಕಲಿತವರ ಬೆರಳಿಗೆ ಮೊದಲು ಬರುವುದು ಸಿ, ಎಫ್, ಜಿ, ಎ ಮೈನರ್ ಕಾರ್ಡುಗಳು. ಸಿಯನ್ನು ಷಡ್ಜ ಮಾಡಿ ಮೋಹನದ ಸಾಲಿಗೆ ಇವನ್ನು ಹಿಡಿಯಿರಿ. ಎಫ್‌ನಲ್ಲಿ ಮಧ್ಯಮ ಬಂತು, ಜಿಯಲ್ಲಿ ನಿಷಾದ ಬಂತು, ಎರಡೂ ಮೋಹನದಲ್ಲಿಲ್ಲ. ಸ ರಿ ಗ ಪ ದ ಸ್ವರಗಳಷ್ಟರಿಂದ ಹುಟ್ಟುವ ಮೇಜರ್, ಮೈನರ್ ಕಾರ್ಡುಗಳು ಎರಡೇ: ಸಿ ಮೇಜರ್ ಮತ್ತು ಎ ಮೈನರ್. ಸಿನಿಮಾ ಹಾಡಿನಲ್ಲಿ ಹೊರಗಿನ ಸ್ವರದ ಕಾರ್ಡ್ ಹಾಕಿದರೆ ಅಪರಾಧವೇನಲ್ಲ, ಆದರೆ ರಾಗದ ಬಣ್ಣ ಬದಲಾಗುತ್ತದೆಂದು ತಿಳಿದು ಹಾಕಬೇಕು.

ಹಿಂದೋಳದಲ್ಲಿ ಪೇಚು ಇನ್ನೂ ದೊಡ್ಡದು. ಅಲ್ಲಿ ಪಂಚಮವೇ ಇಲ್ಲವಾದ್ದರಿಂದ ಷಡ್ಜದ ಮೇಲೆ ನಿಲ್ಲುವ ಕಾರ್ಡೇ ಹುಟ್ಟುವುದಿಲ್ಲ. ಸಿಗುವುದು ಮಧ್ಯಮದ ಮೇಲೊಂದು ಮೈನರ್, ಧೈವತದ ಮೇಲೊಂದು ಮೇಜರ್. ಧೈವತದ ಮೇಜರ್ ಕಾರ್ಡನ್ನು ಜೋರಾಗಿ ಬಾರಿಸಿದರೆ ಕಿವಿ ಅದನ್ನೇ ಆಧಾರಶ್ರುತಿ ಎಂದುಕೊಳ್ಳುತ್ತದೆ, ಹಿಂದೋಳ ಹೋಗಿ ಮೋಹನ ಕೇಳಿಸತೊಡಗುತ್ತದೆ. ಗ್ರಹಭೇದ (ಷಡ್ಜದ ಜಾಗ ಬದಲಿಸಿದಾಗ ರಾಗವೇ ಬದಲಾಗುವುದು) ಗೊತ್ತಿದ್ದವರಿಗೆ ಇದು ಆಟ, ಗೊತ್ತಿಲ್ಲದವರಿಗೆ ಎಲ್ಲಿ ಕೆಟ್ಟಿತೆಂದೇ ತಿಳಿಯುವುದಿಲ್ಲ. ಕೆಳಗಡೆ ಷಡ್ಜವನ್ನು ಬಿಡದೆ ಹಿಡಿದು, ಮೇಲೆ ಸ–ಮ ಜೋಡಿಯನ್ನಷ್ಟೇ ನುಡಿಸಿದರೆ ರಾಗ ಉಳಿಯುತ್ತದೆ.

ಕಾರ್ಡಿನ ಮೇಲೆ ಹಾಡು ಕಟ್ಟುವವರಿಗೆ, ಹಿನ್ನೆಲೆ ಸಂಗೀತ ಬರೆಯುವವರಿಗೆ, ಗಾಯನವೃಂದ ನಡೆಸುವವರಿಗೆ ಇದು ಬೇಕೇ ಬೇಕು. ಕೀರ್ತನೆ ರಚಿಸುವವರು ಕೈಬಿಟ್ಟರೂ ನಷ್ಟವಿಲ್ಲ.

ಸುಗಮ ಸಂಗೀತ, ರಂಗಸಂಗೀತದವರ ಜೊತೆ ಓಡಾಟ

ಇದಕ್ಕೆ ಪಠ್ಯವಿಲ್ಲ, ಸರ್ಟಿಫಿಕೇಟ್ ಇಲ್ಲ. ರಾಗ ಸಂಯೋಜಕರೊಬ್ಬರ ತಾಲೀಮಿಗೆ ಹೋಗುವುದು, ಸ್ವರ ಬರೆದುಕೊಳ್ಳುವುದು, ಕೋರಸ್‌ಗೆ ಹೇಳಿಕೊಡುವುದು, ಅಗತ್ಯ ಬಿದ್ದರೆ ಹಾರ್ಮೋನಿಯಂ ಹೊತ್ತೊಯ್ಯುವುದು. ಫೀಸು ಇಲ್ಲದಿದ್ದರೂ ಸಂಜೆಗಳೆಲ್ಲ ಹೋಗುತ್ತವೆ. ಆದರೂ ಕನ್ನಡ ಕವಿತೆಗೆ ರಾಗ ಹಾಕಲು ಕಲಿಯುವವರು ಇದನ್ನೇ ಮೊದಲು ನೋಡಬೇಕು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರಂಥವರು ಭಾವಗೀತೆಯಲ್ಲಿ, ಬಿ. ವಿ. ಕಾರಂತರು ರಂಗದ ಮೇಲೆ ಬೆಳೆಸಿದ ಈ ಕಸುಬಿನಲ್ಲಿ ಮೊದಲ ಸ್ಥಾನ ಮಾತಿಗೆ.

ಛಂದಸ್ಸು ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಭಾಮಿನಿ ಷಟ್ಪದಿ ಮೂರು–ನಾಲ್ಕು ಮಾತ್ರೆಯ ನಡೆ, ಅಂದರೆ ಸೀದಾ ಏಳರ ತಾಳವಾದ ಮಿಶ್ರಛಾಪು. ಮೊದಲೆರಡು ಸಾಲು ತಲಾ 14 ಮಾತ್ರೆ, ಎರಡೆರಡು ಆವರ್ತನ. ಮೂರನೇ ಸಾಲು 21 ಮಾತ್ರೆ ಮತ್ತು ಒಂದು ಗುರು. ಆ ಗುರುವನ್ನು ಎಳೆದು, ಉಸಿರಿಗೆ ಜಾಗ ಕೊಟ್ಟು ಏಳು ಮಾತ್ರೆ ತುಂಬಿಸಿದರೆ ನಾಲ್ಕು ಆವರ್ತನ. ಅರ್ಧ ಪದ್ಯ ಎಂಟು ಆವರ್ತನಕ್ಕೆ ಸರಿಯಾಗಿ ಕೂರುತ್ತದೆ. ವಾರ್ಧಕ ಷಟ್ಪದಿ ಐದೈದು ಮಾತ್ರೆಯದು, ಖಂಡಛಾಪು ಕೇಳುತ್ತದೆ. ಮಂದಾನಿಲ ರಗಳೆಯ ಸಾಲು 16 ಮಾತ್ರೆ, ಆದಿತಾಳಕ್ಕೂ ಸಿನಿಮಾದ ನಾಲ್ಕರ ನಡೆಗೂ ಒಗ್ಗುತ್ತದೆ. ಲಘು–ಗುರು ಹಾಕದೆ ನೇರ ಟ್ಯೂನಿಗೆ ಕೈಹಾಕಿದವರು ಭಾಮಿನಿಯನ್ನು ಎಂಟರ ನಡೆಗೆ ಎಳೆದು, ಪ್ರತಿ ಏಳಕ್ಕೆ ಒಂದು ಮಾತ್ರೆ ಜಗ್ಗುವಂತೆ ಮಾಡಿರುತ್ತಾರೆ.

ಲಘುವನ್ನು ಎಳೆದರೆ ಬಳೆ ಬಾಳೆಯಾಗುತ್ತದೆ. ಪದದ ನಡುವೆ ಉಸಿರು ಬಿದ್ದರೆ ಇನ್ನೂ ಕಷ್ಟ: "ಬರಲಾರೆ" ಎನ್ನುವಲ್ಲಿ "ಬರಲಾ" ಎಂದು ನಿಲ್ಲಿಸಿ, ಮುಂದಿನ ತಾಳಕ್ಕೆ "ರೆ" ಎತ್ತಿಕೊಂಡರೆ ಒಲ್ಲೆ ಎಂದವಳು ಬರುತ್ತೇನೆ ಎಂದಂತೆ ಕೇಳಿಸುತ್ತದೆ. ಇಂಥದ್ದನ್ನು ತಾಲೀಮಿನಲ್ಲಿ ಹಿರಿಯರು ಒಂದೇ ಏಟಿಗೆ ಹಿಡಿಯುತ್ತಾರೆ, ಪುಸ್ತಕ ಹಿಡಿಯುವುದಿಲ್ಲ.

ಕುಂದು: ಕಲಿಕೆ ಪೂರ್ತಿ ಆ ಒಬ್ಬರ ಮರ್ಜಿಗೆ ಬಿಟ್ಟದ್ದು, ಮತ್ತು ಅವರ ಶೈಲಿ ನಿಮಗೆ ಅಂಟುತ್ತದೆ. ವರ್ಷವೆರಡಾದ ಮೇಲೆ ಇನ್ನೊಬ್ಬರ ತಾಲೀಮಿಗೂ ಹೋಗಿ ಬನ್ನಿ.

ಲ್ಯಾಪ್‌ಟಾಪ್ ಮತ್ತು ಕೀಬೋರ್ಡ್

ಮೊದಲ ತಿಂಗಳಲ್ಲೇ ಏನೋ ಒಂದು ಕೇಳಿಸುವ ದಾರಿ ಇದು, ಆಕರ್ಷಣೆಯೂ ಅದೇ. ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಜೋಡಿಸುವ 49 ಕೀಲಿಯ ಸಾಧಾರಣ ಮಿಡಿ ಕೀಬೋರ್ಡಿಗೆ ಹತ್ತು ಸಾವಿರ ರೂಪಾಯಿ ಆಸುಪಾಸು. ಹಾಡು ರೆಕಾರ್ಡ್ ಮಾಡಲು ಆಡಿಯೋ ಇಂಟರ್‌ಫೇಸ್, ಮೈಕ್, ಹೆಡ್‌ಫೋನ್ ಸೇರಿ ಇನ್ನೊಂದು ಹದಿನೈದು–ಇಪ್ಪತ್ತು ಸಾವಿರ ಇಟ್ಟುಕೊಳ್ಳಿ. ತಂತ್ರಾಂಶಕ್ಕೆ ದುಡ್ಡು ಸುರಿಯಬೇಕಿಲ್ಲ: ಆ್ಯಪಲ್ ಯಂತ್ರವಿದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ, ಬ್ರೌಸರಿನಲ್ಲೇ ಬ್ಯಾಂಡ್‌ಲ್ಯಾಬ್ ನಡೆಯುತ್ತದೆ, ರೀಪರ್ 60 ದಿನ ಪರೀಕ್ಷಿಸಿ ನೋಡಲು ಬಿಡುತ್ತದೆ.

ಇಲ್ಲಿನ ಬಲೆ ಲೂಪ್. ನಾಲ್ಕು ಬಾರ್ ಚೆನ್ನಾಗಿ ಕೇಳಿಸಿದ ಕೂಡಲೇ ಅದನ್ನೇ ನಕಲು ಮಾಡಿ, ಮೇಲೊಂದು ಸದ್ದು ಸೇರಿಸಿ, ಇನ್ನೊಂದು ತೆಗೆದು ಮೂರು ನಿಮಿಷ ತುಂಬಿಸುವುದು. ಪಲ್ಲವಿಯಿಂದ ಚರಣಕ್ಕೆ ಹೋಗುವ ಕಾರಣವೇ ಹುಟ್ಟುವುದಿಲ್ಲ. ಮದ್ದು ಸರಳ: ಕಂಪ್ಯೂಟರ್ ತೆರೆಯುವ ಮೊದಲೇ ಪೂರ್ತಿ ಹಾಡನ್ನು ಬಾಯಲ್ಲಿ ಹಾಡಿ ಫೋನಿನಲ್ಲಿ ಹಿಡಿಯಿರಿ. ಆಮೇಲೆ ಯಂತ್ರ.

ಎರಡು ತಾಂತ್ರಿಕ ತೊಡಕುಗಳು. ಒಂದು, ಗಮಕ, ಅಂದರೆ ಸ್ವರವನ್ನು ತೂಗುವುದು, ಜಾರಿಸುವುದು. ಕೀಬೋರ್ಡಿನ ಪಿಚ್ ಬೆಂಡ್ ಸಾಮಾನ್ಯವಾಗಿ ಮೇಲೆ ಕೆಳಗೆ ಎರಡು ಸ್ವರಸ್ಥಾನದಷ್ಟು ಮಾತ್ರ ಬಾಗುತ್ತದೆ. ಅದಕ್ಕಿಂತ ದೊಡ್ಡ ಜಾರು ಬೇಕಾದರೆ ವಾದ್ಯದ ಸೆಟ್ಟಿಂಗಿನಲ್ಲಿ ಹೆಚ್ಚಿಸಬೇಕು. ಹೆಚ್ಚಿಸಿದರೂ ತೋಡಿಯ ಗಾಂಧಾರ ಚಕ್ರ ತಿರುಗಿಸಿ ಬರುವಂಥದ್ದಲ್ಲ. ಹಾಡಿ ಹಾಕಿ, ಅಥವಾ ಪಿಟೀಲು ನುಡಿಸುವವರನ್ನು ಕರೆಸಿ ಒಂದು ಗಂಟೆ ರೆಕಾರ್ಡ್ ಮಾಡಿಕೊಳ್ಳಿ. ಇನ್ನೊಂದು, ತಾಳ. ತಂತ್ರಾಂಶ ತೆರೆದಾಗ ಇರುವುದು ನಾಲ್ಕರ ನಡೆ. ಮಿಶ್ರಛಾಪಿಗೆ ಮೊದಲೇ ಏಳು ಬೈ ಎಂಟು ಎಂದು ಬದಲಿಸಿ, ಮೆಟ್ರೊನೋಮಿನ ಒತ್ತನ್ನು ಮೂರು–ನಾಲ್ಕಕ್ಕೆ ಹಾಕಿ. ಕ್ವಾಂಟೈಸ್ ಗುಂಡಿಯನ್ನು ಪೂರ್ತಿ ಒತ್ತಿದರೆ ಸ್ವರಗಳೆಲ್ಲ ಗೆರೆಗೆ ಕೂತು ಛಾಪಿನ ತೂಗು ಹೋಗುತ್ತದೆ, ಅರ್ಧದಷ್ಟಕ್ಕೆ ನಿಲ್ಲಿಸಿ.

ತಿದ್ದುವವರು ಇಲ್ಲದಿರುವುದು ಈ ದಾರಿಯ ದೊಡ್ಡ ಕೊರತೆ. ಆನ್‌ಲೈನ್ ಕೋರ್ಸುಗಳದ್ದೂ ಇದೇ ಕಥೆ. ವಿಡಿಯೊ ಮಾತ್ರ ಇರುವ ಕೋರ್ಸಿಗೆ ಹಣ ಕೊಡುವುದಕ್ಕಿಂತ, ತಿಂಗಳಿಗೆರಡು ಸಲ ನಿಮ್ಮ ಕೆಲಸ ಕೇಳಿ ಹೇಳುವವರಿಗೆ ಅದೇ ಹಣ ಕೊಡಿ.

ಪದವಿ ತರಗತಿಗಳ ಬಗ್ಗೆ ಎರಡೇ ಮಾತು. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಸಂಗೀತ ಮಹಾವಿದ್ಯಾಲಯವಿದೆ, ಚೆನ್ನೈಗೆ ಹೋಗಬಲ್ಲವರಿಗೆ 2008ರಲ್ಲಿ ಎ. ಆರ್. ರೆಹಮಾನ್ ಸ್ಥಾಪಿಸಿದ ಕೆ.ಎಂ. ಕನ್ಸರ್ವೇಟರಿ ಇದೆ. ಮೇಷ್ಟ್ರ ಕೆಲಸಕ್ಕೆ ಪದವಿ ಬೇಕಾದವರು, ಪೂರ್ಣಾವಧಿ ಕೊಡಬಲ್ಲವರು ನೋಡಲಿ. ಸೇರುವ ಮುನ್ನ ಪಠ್ಯಕ್ರಮ ತರಿಸಿಕೊಂಡು ಸಂಯೋಜನೆಗೆ ಎಷ್ಟು ಪತ್ರಿಕೆಗಳಿವೆ, ಗಾಯನ–ವಾದನಕ್ಕೆ ಎಷ್ಟು ಎಂದು ಎಣಿಸಿ ನೋಡಿ.

ಯಾರಿಗೆ ಯಾವುದು

ಸೀನಿಯರ್ ಮುಗಿಸಿದವರು ಗುರುಗಳನ್ನು ಬಿಡುವುದು ಬೇಡ. ಹೊಸ ಕೃತಿ ಕಲಿಯುವುದನ್ನು ಆರು ತಿಂಗಳು ನಿಲ್ಲಿಸಿ ಅದೇ ಸಮಯದಲ್ಲಿ ಚಿಟ್ಟೆಸ್ವರ, ಆಮೇಲೆ ದೇವರನಾಮಕ್ಕೆ ಹೊಸ ರಾಗ, ಆಮೇಲೆ ಸ್ವಂತ ಪಲ್ಲವಿ. ಹೆಚ್ಚಿನ ಖರ್ಚು ಸೊನ್ನೆ.

ಗಿಟಾರಿನವರು ನಾಲ್ಕು ಕಾರ್ಡಿನಿಂದ ಹೊರಬರಲು ಇನ್ನಷ್ಟು ಕಾರ್ಡ್ ಕಲಿಯಹೋಗುತ್ತಾರೆ. ಅದಕ್ಕಿಂತ ಒಂದು ವರ್ಷ ಸರಳೆ, ಅಲಂಕಾರ, ಗೀತೆಗಳನ್ನು ಕಂಠದಲ್ಲಿ ಕಲಿತರೆ ಲಾಭ ಹೆಚ್ಚು. ಅವರಲ್ಲಿ ಇಲ್ಲದಿರುವುದು ಸಾಮಾನ್ಯವಾಗಿ ರಾಗದ ಎಳೆ.

ಕಿರುಚಿತ್ರದ ಹುಡುಗನಿಗೆ ಲ್ಯಾಪ್‌ಟಾಪ್ ಅನಿವಾರ್ಯ. ಜೊತೆಗೆ ಥಿಯರಿ ಮೇಷ್ಟ್ರು ಒಬ್ಬರು ವಾರಕ್ಕೊಂದು ಗಂಟೆ, ಗ್ರೇಡ್ ಪರೀಕ್ಷೆಯಿಲ್ಲದೆ. ಇಂಟರ್ವಲ್ (ಸ್ವರಗಳ ಅಂತರ), ಕಾರ್ಡ್, ಕೇಡೆನ್ಸ್ (ಸಾಲು ಮುಗಿಸುವ ಬಗೆ), ವಾದ್ಯಗಳ ಸ್ಥಾಯಿಮಿತಿ ಇಷ್ಟನ್ನೇ ಕೇಳಿ ಕಲಿತರೆ ಒಂದು ವರ್ಷ ಸಾಕು. ಬಜೆಟ್ ಇಪ್ಪತ್ತು ಸಾವಿರವೆಂದರೆ ಕೀಬೋರ್ಡ್, ಹೆಡ್‌ಫೋನಿಗೆ ಹನ್ನೆರಡು ಮೀರದಂತೆ ನೋಡಿ, ಉಳಿದದ್ದು ಪಾಠಕ್ಕೆ. ಮೈಕ್ ಮುಂದಿನ ವರ್ಷ ಕೊಂಡರಾಯಿತು.

ವಿದೇಶದಲ್ಲಿರುವ ಕನ್ನಡಿಗರಿಗೆ ತಾಲೀಮಿನ ದಾರಿ ಮುಚ್ಚಿದೆ, ಆನ್‌ಲೈನ್ ಗುರು ಸಿಗುತ್ತಾರೆ. ಕರೆಯಲ್ಲಿ ಸದ್ದು ತಡವಾಗುವುದರಿಂದ ಇಬ್ಬರೂ ಒಟ್ಟಿಗೆ ತಾಳ ಹಾಕಲಾಗದು. ಕಟ್ಟಿದ್ದನ್ನು ರೆಕಾರ್ಡ್ ಮಾಡಿ ಮೊದಲೇ ಕಳಿಸಿ, ಕರೆಯ ಸಮಯವನ್ನು ತಿದ್ದುವುದಕ್ಕೇ ಬಳಸಿ. ಸಂಯೋಜನೆಯ ಪಾಠಕ್ಕೆ ಇದು ಗಾಯನ ಪಾಠಕ್ಕಿಂತ ಚೆನ್ನಾಗಿ ಒಗ್ಗುತ್ತದೆ.

ಶಾಲೆಯ ಮೇಷ್ಟ್ರಿಗೆ ಕಡಿಮೆ ಖರ್ಚಿನದು ಛಂದಸ್ಸು ಮತ್ತು ಒಂದು ಹಾರ್ಮೋನಿಯಂ. ಹತ್ತು ರಾಗ ಗಟ್ಟಿ ಮಾಡಿಕೊಂಡರೆ ವರ್ಷದ ಪದ್ಯಗಳೆಲ್ಲ ಮುಗಿಯುತ್ತವೆ. ಮೋಹನ, ಶಂಕರಾಭರಣ, ಹಿಂದೋಳ ಮೊದಲಿಗೆ. ಊರಿನಲ್ಲಿ ನಾಟಕ ತಂಡವಿದ್ದರೆ ರಜೆಯಲ್ಲಿ ಅವರ ತಾಲೀಮಿಗೆ ಹೋಗಿ ಕೂರಿ. ಒಂದು ಎಚ್ಚರಿಕೆ: ನಿಮ್ಮ ಶ್ರುತಿಯಲ್ಲಿ ಮಕ್ಕಳಿಗೆ ಹೇಳಿಕೊಡಬೇಡಿ. ಗಂಡಸರ ಶ್ರುತಿಯ ಮಂದ್ರಕ್ಕೆ ಮಕ್ಕಳ ಕಂಠ ಇಳಿಯದು, ಅವರು ಹಾಡುವ ಬದಲು ಗೊಣಗುತ್ತಾರೆ. ಮಧ್ಯ ಸಿಯ ಆಸುಪಾಸಿನಿಂದ ಮೇಲಿನ ಡಿವರೆಗೆ, ಒಂದು ಸ್ಥಾಯಿಗೆ ತುಸು ಹೆಚ್ಚು ಜಾಗದಲ್ಲಿ ಇಡೀ ಪದ್ಯ ಮುಗಿಯುವಂತೆ ರಾಗ ಹಾಕಿ.